ಎಲ್ಲ ಬಲ್ಲ ಸಾಹುಕಾರರ ಎರಡನೆಯ ತಾಳಿ

ನಮ್ಮೂರಂಥದ್ದೇ ಒಂದು ಊರು, ಅಲ್ಲೊಬ್ಬ ಸಾಹುಕಾರ. ಊರಿನ ಹೆಸರು ಕೇಳಬೇಡಿ, ಅವರ ನೆಂಟರು ಇಲ್ಲೇ ಕೂತಿರಬಹುದು!

ಇವರಿಗೆ ಒಂದೇ ಹುಚ್ಚು. ಲೋಕದ ವಿಚಿತ್ರ ಸಂಗತಿಗಳನ್ನೆಲ್ಲ ತಲೆಗೆ ತುಂಬಿಕೊಳ್ಳುವುದು. ಜೇನುನೊಣಕ್ಕೆ ಐದು ಕಣ್ಣು, ಗೊತ್ತು. ಆಕ್ಟೋಪಸ್‌ಗೆ ಮೂರು ಹೃದಯ, ಗೊತ್ತು. ಯಾವ ನಟ ಯಾವ ಕಾಲಿನ ಚಪ್ಪಲಿ ಮೊದಲು ಮೆಟ್ಟುತ್ತಾನೆ, ಯಾವ ಕ್ರಿಕೆಟ್ ಆಟಗಾರ ಮೊಸರನ್ನಕ್ಕೆ ಸಕ್ಕರೆ ಬೆರೆಸಿಕೊಳ್ಳುತ್ತಾನೆ, ಅದೂ ಗೊತ್ತು. ಸಾವಿನ ಮನೆಗೆ ಹೋದರೂ "ಇದು ಗೊತ್ತಾ ನಿಮಗೆ?" ಎಂದೇ ಮಾತು ಶುರು. "ಗೊತ್ತಿಲ್ಲ" ಎಂಬ ಮಾತು ಆ ಬಾಯಿಂದ ಬಂದದ್ದೇ ಇಲ್ಲ.

ಅರವತ್ತು ತುಂಬಿತು. ಷಷ್ಟ್ಯಬ್ದಿ. ಅವತ್ತು ಗಂಡ ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟಬೇಕಲ್ಲ? ಚಪ್ಪರ, ವಾಲಗ, ನಾನೂರು ಜನ. ಸಾಹುಕಾರರು ತಾಳಿ ಕೈಗೆತ್ತಿಕೊಂಡರು. ಅಷ್ಟರಲ್ಲಿ ನಾದಿನಿ ಕೀಟಲೆ ತೆಗೆದಳು.

"ಭಾವ, ಎಲ್ಲಾ ಗೊತ್ತು ಅಂತೀರಲ್ಲ, ನಮ್ಮಕ್ಕನಿಗೆ ಯಾವ ಅಡುಗೆ ಇಷ್ಟ ಹೇಳಿ ನೋಡೋಣ."

"ಇದೂ ಒಂದು ಪ್ರಶ್ನೆನಾ? ಬದನೆಕಾಯಿ ಎಣ್ಣೆಗಾಯಿ!"

"ಬದನೆಕಾಯಿ ತಿಂದ್ರೆ ನನಗೆ ಮೈಯೆಲ್ಲಾ ತುರಿಕೆ ಕಣ್ರೀ," ಎಂದರು ಹೆಂಡತಿ. "ಅದು ನಿಮಗಿಷ್ಟ. ಮೂವತ್ತೈದು ವರ್ಷ ಬಡಿಸಿದೀನಿ, ಒಂದಿನ ಬಾಯಿಗಿಟ್ಟಿಲ್ಲ."

ನೋಡಿ, ತಪ್ಪು ಎಲ್ಲಾಯಿತು? ಗಂಡಸರು ಉಂಡೆದ್ದ ಮೇಲೆ ಹೆಂಗಸರು ಎಲೆ ಹಾಕಿಕೊಳ್ಳುವುದು ಆ ಮನೆಯ ಪದ್ಧತಿ. ಆಕೆ ಉಣ್ಣುವುದನ್ನು ಈ ಪುಣ್ಯಾತ್ಮ ಕಂಡದ್ದೇ ಇಲ್ಲ!

ಆಕೆ ತಾಳಿಗೆ ಕೈ ಅಡ್ಡ ಹಿಡಿದರು. "ನನ್ನ ಬಗ್ಗೆ ಒಂದೇ ಒಂದು ವಿಷಯ, ನೀವೇ ಕಣ್ಣಾರೆ ನೋಡಿದ್ದು ಹೇಳಿ. ಆಮೇಲೆ ಕಟ್ಟಿ. ಇಲ್ದಿದ್ರೆ ನಾನು ಎದ್ದು ಹೋಗ್ತೀನಿ."

ವಾಲಗ ನಿಂತಿತು. ಸಾಹುಕಾರರು ನಾನೂರು ಜನರ ಮುಂದೆ ತಲೆ ತಗ್ಗಿಸಿದರು. "ಗೊತ್ತಿಲ್ಲ ಕಣೇ. ತಪ್ಪಾಯ್ತು. ಬಾ, ನೀನು ಉಣ್ಣು, ನಾನು ಬಡಿಸ್ತೀನಿ."

"ತಾಳಿಗೆ ಮೊದಲೇ ಊಟವಾ?" ಹಿರಿಯರು ಗೊಣಗಿದರು.

"ಮುಹೂರ್ತ ಮೀರೋಕೆ ಇನ್ನೂ ಹೊತ್ತಿದೆ. ಇದೇನು ಮೊದಲನೇ ಮದುವೆನಾ? ಬಡಿಸ್ರೀ!" ಎಂದರು ಪುರೋಹಿತರು.

ಸಾಹುಕಾರರು ಶಲ್ಯವನ್ನು ಸೊಂಟಕ್ಕೆ ಬಿಗಿದರು. ಅನ್ನ ಅರ್ಧ ಎಲೆಗೆ, ಅರ್ಧ ನೆಲಕ್ಕೆ! ಆದರೂ ಕಣ್ಣು ಹೆಂಡತಿಯ ಎಲೆಯ ಮೇಲೇ. ಹೋಳಿಗೆಯನ್ನು ಆಕೆ ಮುಟ್ಟಲಿಲ್ಲ. ಗೊಜ್ಜು ಕೇಳಿದರು, ಇವರು ಹಾಕಿದರು. ಮತ್ತೆ ಕೇಳಿದರು, ಹಾಕಿದರು. ಮೂರನೆಯ ಸಲಕ್ಕೆ ಸಾಹುಕಾರರು ಬಕೆಟ್ಟು ಹಿಡಿದುಕೊಂಡೇ ಕುಣಿದುಬಿಟ್ಟರು.

"ಹಾಗಲಕಾಯಿ ಗೊಜ್ಜು! ನನ್ನ ಹೆಂಡ್ತಿಗೆ ಹಾಗಲಕಾಯಿ ಗೊಜ್ಜು ಅಂದ್ರೆ ಪ್ರಾಣ!"

ಚಪ್ಪರ ಹಾರುವಂತೆ ಚಪ್ಪಾಳೆ! ಆಕೆ ನಗುತ್ತ ಕೈತೊಳೆದು ಬಂದು ಕುತ್ತಿಗೆ ಬಾಗಿಸಿದರು. ಗಟ್ಟಿಮೇಳ ಮೊಳಗಿತು, ಕೊರಳಿಗೆ ತಾಳಿ ಬಿತ್ತು. ಗೆದ್ದರು ತಾಯಂದಿರೇ, ಇಬ್ಬರೂ ಗೆದ್ದರು!

ಮುಂದಿನ ಸಾಲಿನ ಯಜಮಾನರೇ, ನಗಬೇಡಿ. ಯಾವ ಮಂತ್ರಿ ಎಷ್ಟು ಇಡ್ಲಿ ತಿನ್ನುತ್ತಾನೆ ಎಂದು ಮೊಬೈಲು ನೋಡಿ ಹೇಳುತ್ತೀರಿ. ನಿಮಗೆ ಇಡ್ಲಿ ಬೇಯಿಸಿದಾಕೆ ಇವತ್ತು ಬೆಳಿಗ್ಗೆ ತಿಂಡಿ ತಿಂದರಾ? ಹೇಳಿ!

ಮನೆಗೆ ಹೋಗಿ ಮೊಬೈಲು ಪಕ್ಕಕ್ಕಿಡಿ. ದಿನಾ ಬಡಿಸುವವರನ್ನು ಕೂರಿಸಿ, ನೀವು ಬಡಿಸಿ. ಅವರು ಏನನ್ನು ಎರಡನೆಯ ಸಲ ಹಾಕಿಸಿಕೊಳ್ಳುತ್ತಾರೆ ನೋಡಿ. ಇವತ್ತು ಮಾತ್ರವಲ್ಲ, ದಿನಾ ನೋಡಿ. ಅವರ ಹೊಟ್ಟೆ ತುಂಬುವ ತನಕ ನೀವು ಆ ಜಾಗ ಬಿಟ್ಟು ಕದಲಬೇಡಿ.