ಸುಂಕ ಹಾಕಿಸಿಕೊಂಡವರ ನಗು

ಕೆನಡಾದ ಒಶಾವಾ ಊರಿನ ಟೈರು ಅಂಗಡಿಯಲ್ಲಿ ನೀರಜಾ ತನ್ನ ಸರದಿಗೆ ಕಾಯುತ್ತ ಕೂತಿದ್ದಳು. ಗೋಡೆಯ ಟಿವಿಯಲ್ಲಿ, ಅಮೆರಿಕ ಹಾಕಿದ ಸುಂಕಕ್ಕೆ ಒಪ್ಪಿ ಬಂದ ಯುರೋಪಿನ ನಾಯಕರು ಸಾಲಾಗಿ ನಿಂತು ಹಲ್ಲು ಬಿಡುತ್ತಿದ್ದರು. ಪಕ್ಕದ ಬೆಂಚಿನಿಂದ ಕನ್ನಡ ಕಿವಿಗೆ ಬಿದ್ದದ್ದೇ ತಡ, ಅವಳು ಫೋನು ನೋಡುವವಳಂತೆ ತಲೆ ತಗ್ಗಿಸಿದಳು. ಮಾತಿನಿಂದಲೇ ತಿಳಿಯಿತು, ಇಬ್ಬರೂ ಷಡ್ಡಕರು. ಒಬ್ಬ ಧಾರವಾಡದ ಕಡೆಯವನು, ಇನ್ನೊಬ್ಬ ಮೈಸೂರಿನವನು.

“ಸುಂಕ ಹಾಕಿಸ್ಕೊಂಡು ಹೆಂಗ ನಗಾಕತ್ತಾರ ನೋಡ್ರಿ,” ಎಂದ ಧಾರವಾಡದವನು.

“ನಗದೇ ಏನ್ಮಾಡ್ತಾರೆ? ಕಾವಲಿಗೆ ಅಮೆರಿಕದ ಸೈನ್ಯ, ಹಾರೋಕೆ ಅವ್ರ ವಿಮಾನ. ಮನೆ ಅಳಿಯಂದಿರು ಕಣ್ರೀ,” ಎಂದ ಮೈಸೂರಿನವನು.

“ಮೀಟಿಂಗ್ ಮಾತ್ರ ಭಾರಿ ಮಾಡ್ತಾರ. ಇನ್ನ ನಮ್ಮ ಕಾಲ ಮ್ಯಾಲೆ ನಾವ ನಿಲ್ತೀವಿ ಅಂತ.”

“ಯಾವಾಗಿಂದ ಅಂತೆ?”

“ಮುಂದಿನ ವರ್ಷದಿಂದ.”

“ಸ್ವಲ್ಪನಾದ್ರೂ ಮಾನ ಬೇಡ್ವಾ?”

“ಅದಿರ್ಲಿ. ಮಾವನ ಮನಿ ಬೇಸ್‌ಮೆಂಟ್ ಬಿಟ್ಟು ನಾವು ಬ್ಯಾರೆ ಮನಿ ಮಾಡೋ ವಿಷಯ ಇವತ್ತು ಅವರಿಗೆ ನೀವ ಹೇಳ್ರಿ. ನೀವು ಹಿರೇ ಅಳಿಯ.”

“ನೀವೇ ಹೇಳಿ. ನಿಮ್ಮನ್ನ ಕಂಡ್ರೆ ಅವ್ರಿಗೆ ಪ್ರೀತಿ.”

“ಹುಡುಗ್ರನ್ನ ಡೇಕೇರಿಂದ ಕರಕೊಂಡು ಬರೋರೂ ಅವರ.”

“ಕಾರೂ ಅವ್ರದ್ದೇ. ಈ ಚಳಿಗಾಲ ಒಂದು ಕಳೀಲಿ ಬಿಡಿ.”

ಅಷ್ಟರಲ್ಲಿ ಮಂಕಿಕ್ಯಾಪಿನ ಹಿರಿಯರೊಬ್ಬರು ಕಾರಿನ ಕೀ ಆಡಿಸುತ್ತ ಬಂದರು.

“ಟೈರ್ ಹಾಕಿದ್ದಾಯ್ತು, ಏಳಿ. ಅಂದ ಹಾಗೆ, ಇನ್ಮೇಲೆ ನಮ್ಮನೆ ಭಜನೆ ವಾರಕ್ಕೆ ಎರಡು ದಿನ. ಇಬ್ರೂ ತಪ್ಪಿಸೋ ಹಾಗಿಲ್ಲ.”

“ಆಗಲಿ ಮಾವ,” ಎಂದು ಇಬ್ಬರೂ ಒಟ್ಟಿಗೇ ಎದ್ದು ನಕ್ಕರು.

ಆ ನಗುವನ್ನು ನೀರಜಾ ಈಗಷ್ಟೇ ಟಿವಿಯಲ್ಲಿ ನೋಡಿದ್ದಳು.