ಚಹಾ ಕುಡಿಯುತ್ತಿದ್ದವರ ನಿಧನವಾರ್ತೆ

ಮಿಯಾಪುರ ಮೆಟ್ರೋದ ತಪಾಸಣೆ ಸಾಲಿನಲ್ಲಿ, ಸುತ್ತಲಿನ ತೆಲುಗಿನ ನಡುವೆ ಕನ್ನಡ ಕೇಳಿದ್ದೇ ಉಮಾಬಾಯಿಯ ಕಿವಿ ನೆಟ್ಟಗಾದವು. ಮುಂದಿದ್ದ ಹುಡುಗಿ, ಪಕ್ಕದ ಗಂಡಸರ ಸಾಲಿನಲ್ಲಿದ್ದ ತನ್ನ ಸುದ್ದಿತಾಣದ ಮುಖ್ಯಸ್ಥನ ಜೊತೆ ನಡುವಿನ ಕಂಬಿಯ ಈಚೆಯಿಂದಲೇ ಜಗಳಕ್ಕೆ ನಿಂತಿದ್ದಳು.

“ಸಪ್ನಾ, ಆ ಸುದ್ದಿ ಸುಮ್ನ ಅಳಿಸಿಬಿಡು. ಯಾರೂ ನೋಡಿಲ್ಲ.”

“ಊರಾಗಿನ ಕನ್ನಡ ಮಂದಿ ಎಲ್ಲಾ ನೋಡ್ಯಾರ್ರಿ ಸರ್. ಉಪ್ಪಲ್‌ನಾಗ ರಾಮದಾಸ ಮಾಸ್ತರ ಮನಿಮುಂದ ಹಾರ ಹಿಡ್ಕೊಂಡು ನಿಂತಾರ. ಮಾಸ್ತರು ಒಳಗ ಚಹಾ ಕುಡಿಯಾಕತ್ತಾರ.”

“ಮಾಸ್ತರು ಸತ್ತಾರ ಅಂತ ನಮ್ಮ ತೆಲುಗು ಡೆಸ್ಕಿನವರು ಹಾಕಿದ್ರು. ನಾವು ಅದನ್ನ ಕನ್ನಡ ಮಾಡಿದ್ವಿ.”

“ಮನಿಗೊಂದು ಫೋನ್ ಮಾಡಿ ಕೇಳ್ತೀನಿ ಅಂದೆ. ‘ನೀ ಕೇಳೂದ್ರಾಗ ಬ್ಯಾರೆಯವರು ಹಾಕ್ತಾರ’ ಅಂದ್ರಿ.”

ಆ ಕೊನೆಯ ಮಾತಿಗೆ ಅವಳು ಅವನ ಗೊಗ್ಗರು ದನಿಯನ್ನೇ ಹೊರಡಿಸಿದ್ದಳು. ಉಮಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನಾಟಕ ಬ್ಯಾಡ. ಸುದ್ದಿ ಕೆಳಗ ಹೆಸರು ಯಾರದೈತಿ?”

“ನಂದೇ. ಅದಕ್ಕ ಅಳಿಸಂಗಿಲ್ಲ. ಅಳಿಸಿದ್ರ ಮಂದಿ ಮೊಬೈಲ್‌ನಾಗ ನನ್ನ ಸುಳ್ಳಷ್ಟೇ ಉಳೀತೈತಿ. ‘ತಪ್ಪಾಗೈತಿ, ಮಾಸ್ತರು ಆರಾಮ ಇದ್ದಾರ’ ಅಂತ ಅದೇ ಜಾಗದಾಗ ಹಾಕಬೇಕು.”

“ಹಾಕಿದ್ರ ನಾಳೆಯಿಂದ ಕೆಲಸಕ್ಕ ಬರಬ್ಯಾಡ.”

“ಹಾಕೇ ಬಂದೀನ್ರಿ.”

ಅವನ ಫೋನ್ ಬಡಿದುಕೊಳ್ಳತೊಡಗಿತು.

“ಎತ್ರಿ ಸರ್, ತೀರಿಕೊಂಡವರೇ ಇರಬೇಕು. ನಿಮ್ಮ ನಂಬರ್ ನಾನೇ ಕೊಟ್ಟೀನಿ.”

ಸಪ್ನಾ ಹೆಂಗಸರ ಪರದೆಯ ಹಿಂದೆ ಹೋಗಿಬಿಟ್ಟಳು. ಅವನು ಫೋನನ್ನು ಚೀಲದೊಳಗೆ ತುರುಕಿ, ಚೀಲವನ್ನು ತಪಾಸಣೆ ಯಂತ್ರಕ್ಕೆ ನೂಕಿದ. ಆ ಕಡೆ ಹೊರಬಂದ ಚೀಲ ಇನ್ನೂ ಬಡಿದುಕೊಳ್ಳುತ್ತಲೇ ಇತ್ತು.