ಸೂಜಿ ಹೋದ ದಾರಿ

...ಅಯ್ಯೋ, ಏಳ್ಬೇಡ್ವೇ! ಬಲಗಡೆಗೇ ಒರಗಿ ಮಲಗು. ಸೂಜಿ ಚುಚ್ಚಿದ ಜಾಗ ಒತ್ಕೊಂಡಿರ್ಬೇಕು, ಇಲ್ದಿದ್ರೆ ಒಳಗೆ ರಕ್ತ ಸೋರುತ್ತಂತೆ. ಆಮೇಲೆ ನರ್ಸಮ್ಮ ನಿನ್ನ ಬಿಟ್ಟು ನನ್ನ ಬೈತಾಳೆ. ಅಣ್ಣ ಅಂದ್ಮೇಲೆ ಬೈಸ್ಕೊಳ್ಳೋಕೇ ಹುಟ್ಟಿರೋದು, ಅಲ್ವಾ?

ಯಾಕೆ ನಗ್ತೀಯ? ಹೆದರ್ಕೊಂಡೆ ಅಂತಾನಾ? ಹೌದಮ್ಮಾ, ಹೆದರ್ಕೊಂಡೆ! ಇಷ್ಟು ವರ್ಷ ಲಾರಿ ಓಡಿಸ್ದೋನು, ಆ ಸೂಜಿ ಉದ್ದ ನೋಡಿ ಎರಡು ಹೆಜ್ಜೆ ಹಿಂದಕ್ಕೆ ಸರಿದೆ. 'ಬಾಗಿಲ ಹತ್ರಾನೇ ನಿಲ್ಲಿ' ಅಂದ್ರು ಡಾಕ್ಟರಮ್ಮ. ಅಲ್ಲಿಂದ್ಲೇ ಇಣುಕಿದೆ. ಸ್ಕ್ಯಾನಿಂಗ್ ಟೀವೀಲಿ ಏನಿದೆ ಅಂತೀಯ, ಬರೀ ಬೂದಿ ಬೂದಿ... ಮಂಜಲ್ಲಿ ಗಾಡಿ ಓಡಿಸ್ದಂಗೆ. ಆ ಮಂಜಲ್ಲೊಂದು ಬಿಳಿ ಗೆರೆ. ಅದೇ ಸೂಜಿ! ನಿಧಾನಕ್ಕೆ... ನಿಧಾನಕ್ಕೆ... ದಾರಿ ನೋಡ್ಕೊಂಡೇ ಹೋಗ್ತಾರೆ ಕಣೇ, ಬೇರೆಲ್ಲೂ ತಾಗಿಸಲ್ಲ. ನಿಂಗೆ 'ಉಸಿರು ಹಿಡೀರಿ' ಅಂದ್ರಲ್ಲ, ನಾನೂ ಹಿಡಿದ್ಬಿಟ್ಟೆ! ಟಕ್ ಅಂತ ಸದ್ದಾಗಿ, ಪರೀಕ್ಷೆಗೆ ಚೂರು ತೆಗೆದ್ಮೇಲೇ ಬಿಟ್ಟಿದ್ದು.

ಹಾಗ್ಯಾಕೆ ನೋಡ್ತೀಯ? ಡಾಕ್ಟರಮ್ಮ ನನ್ನ ಹೊರಗೆ ಕರೆದು ಏನಂದ್ರು ಅಂತಾನಾ? ಏನಿಲ್ಲ! ಲಿವರಲ್ಲಿ ಒಂದು ಗಂಟು. ಒಂದೇ ಒಂದು. ನಿಂಬೆಹಣ್ಣಿನಷ್ಟು... ಅಷ್ಟೂ ಇಲ್ಲ, ಗೋಲಿಯಷ್ಟು. ಮಾತ್ರೇಲೇ ಕರಗುತ್ತೆ. ನಿನ್ನ ಮಗಳಿಗೂ ಫೋನಲ್ಲಿ ಅದನ್ನೇ ಹೇಳ್ದೆ. 'ಮಾಮ, ಅಮ್ಮಂಗೆ ನೋವಾಯ್ತಾ?' ಅಂದ್ಲು. ಇರುವೆ ಕಚ್ಚಿದಷ್ಟು ಅಂದೆ. ಕಿಲಕಿಲ ನಕ್ಕಳು, ಕಳ್ಳಿ.

ನೀನ್ಯಾಕೆ ನಗ್ಲಿಲ್ಲ?

ಏ... ಗೋಡೆ ಕಡೆ ಏನ್ ನೋಡ್ತೀಯ?

ಆ ಟೀವಿ... ಡಾಕ್ಟರಮ್ಮನ ಕಡೆಗೆ ತಾನೇ ತಿರುಗಿದ್ದಿದ್ದು? ನಿಂಗೂ ಕಾಣ್ತಿತ್ತಾ? ಚುಚ್ಚೋಕೆ ಮುಂಚೆ ಪಕ್ಕ ನಿಂತಿದ್ದ ಟ್ರೈನಿಂಗ್ ಹುಡುಗಿಗೆ ತೋರಿಸ್ತಾ ಇದ್ರಲ್ಲ, 'ಇದು ಬೇಡ, ಆಳದಲ್ಲಿದೆ... ಅದರ ಪಕ್ಕದ್ದೂ ಬೇಡ... ಕೆಳಗಿನದು ನೋಡೋಣ' ಅಂತ... ಅದೂ ಕೇಳಿಸ್ತಾ?

ಇಲ್ಲ ಅನ್ನು. ಒಂದ್ಸಲ ಇಲ್ಲ ಅನ್ನೇ, ನಿಂಗೆ ಕೈ ಮುಗೀತೀನಿ...

ಬೇಡ, ಬೇಡ, ಹೊರಳ್ಬೇಡ! ನನ್ನ ಕಣ್ಣು ನಾನೇ ಒರೆಸ್ಕೊಳ್ತೀನಿ. ನೀನು ಮಲಗು, ಪುಟ್ಟೀ...

ಹೂಂ. ಲಿವರ್ ತುಂಬಾ ಗಂಟುಗಳಿವೆಯಂತೆ. ಚುಚ್ಚಿದ್ದು ಮಾತ್ರ ಒಂದು.